ಹೆಡ್‌ಮಿಸ್ ಮನೆಯ ಭಾನುವಾರದ ಡ್ಯೂಟಿ

ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನನ್ನು ಚರ್ಚಿನವರೆಲ್ಲ ‘ಹಾಸಿಗೆ’ ಎಂದೇ ಕರೆಯುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಗ್ಗೆ ಶಟರ್ ಎತ್ತಿದಾಗಿನಿಂದ ಸಂಜೆ ಇಳಿಸುವವರೆಗೆ ಅವನ ಕೆಲಸವೆಂದರೆ ಬಂದವರ ಚಪ್ಪಲಿ ಬಿಚ್ಚಿಸಿ, ಹಾಸಿಗೆಯ ಮೇಲೆ ಮಲಗಿಸಿ, “ಸರ್, ಬೆನ್ನು ಏನಂತಿದೆ?” ಎಂದು ಕೇಳುವುದು. ಬೆನ್ನು ಏನೂ ಅನ್ನದಿದ್ದರೆ ಅದರ ಪರವಾಗಿ ಇವನೇ ಮಾತಾಡುವುದು. ಹೀಗೆ ಊರಿನ ಅರ್ಧ ಬೆನ್ನುಗಳ ವಕೀಲನಾಗಿದ್ದವನು ಮನೆಯಲ್ಲಿ ಮಲಗುತ್ತಿದ್ದುದು ಮಾತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಮಡಚಿದ ಕಂಬಳಿಯ ಮೇಲೆ. ಒಳಕೋಣೆ ಅಣ್ಣ ಅತ್ತಿಗೆಯರದ್ದು. ಅವರ ಕೂಸಿಗೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಸಂಗೀತ.

“ಅಂಗಡಿಯಿಂದ ಒಂದು ಹಾಸಿಗೆ ತಂದ್ಕೋಬಾರ್ದೇನೋ?” ಎಂದು ಅಮ್ಮ ಕೇಳಿದರೆ, “ತರಬಹುದು ಕಣಮ್ಮ. ಆದ್ರೆ ಆ ಜಾಗದಲ್ಲಿ ಹಾಸಿಗೆ ಒಂದೇ ಮಲಗ್ಬೇಕು, ನಾನು ನಿಂತಿರ್ಬೇಕು” ಎನ್ನುತ್ತಿದ್ದ.

ಇಂಥವನಿಗೆ ಇದ್ದಕ್ಕಿದ್ದಂತೆ ಸೇವೆಯ ಹುಚ್ಚು ಹಿಡಿಯಿತು. ಹುಚ್ಚಿನಲ್ಲಿ ಭಕ್ತಿ ಎಷ್ಟು, ನಾಲ್ಕು ಜನ ನೋಡಲಿ ಎಂಬ ಆಸೆ ಎಷ್ಟು ಎಂದು ಅವನನ್ನೇ ಕೇಳಿದ್ದರೆ ಮುಜುಗರಪಡುತ್ತಿದ್ದ. ಮೊದಲು ಪೂಜೆಯಲ್ಲಿ ಬೈಬಲ್ ವಾಚನ ಓದಲು ಕೊಟ್ಟರು. ಪ್ರವಾದಿಯ ಎಚ್ಚರಿಕೆಯನ್ನು ಅವನು ರಿಯಾಯಿತಿ ಮಾರಾಟದ ಧಾಟಿಯಲ್ಲಿ ಸಾರಿದ. ಗಾನವೃಂದಕ್ಕೆ ಸೇರಿಸಿಕೊಂಡರು. ಅವನ ಆಚೀಚೆ ನಿಂತವರೂ ಶ್ರುತಿ ತಪ್ಪತೊಡಗಿದರು. ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಳ್ಳಲು ಹಾಕಿದರೆ, ಪೂಜೆ ಶುರುವಾದ ಮೇಲೂ ಅರ್ಧ ಜನ ಬಾಗಿಲಲ್ಲೇ ಅವನ ಜೊತೆ ಹರಟುತ್ತ ಉಳಿದರು. ಕೊನೆಗೆ ಫಾದರ್ ತಲೆ ಕೆರೆದುಕೊಂಡು, “ನಿನಗೆ ಇರೋದು ಬಾಯಿ ಒಂದೇ. ಅದನ್ನ ಚರ್ಚಿನ ಹೊರಗಡೆ ಉಪಯೋಗಿಸೋಣ” ಎಂದು, ಕಾಯಿಲೆಯವರ ಮನೆಗೆ ಹೋಗುವ ಗುಂಪಿಗೆ ಹಾಕಿದರು.

ಆ ಗುಂಪಿನ ಮುಖ್ಯಸ್ಥೆ ಕೆಲಸದಿಂದ ನಿವೃತ್ತರಾದ ನರ್ಸಮ್ಮ. ಭಾನುವಾರ ಮೊದಲ ಪೂಜೆ ಮುಗಿದೊಡನೆ ಪ್ರಭುವಿನ ಶರೀರವೆಂದು ಹಂಚುವ ರೊಟ್ಟಿಬಿಲ್ಲೆಗಳ ಪರಮಪ್ರಸಾದವಿದ್ದ ಪುಟ್ಟ ದುಂಡು ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಹೊರಗೆ ಬರಲಾಗದವರ ಮನೆಗಳಿಗೆ ಹೊರಡುತ್ತಿದ್ದರು. ಜೊತೆಗೆ ಯಾವಾಗಲೂ ಇನ್ನೊಬ್ಬರು ಇರಬೇಕು, ಒಬ್ಬರೇ ಹೋಗುವಂತಿಲ್ಲ. ದಾರಿಯಲ್ಲಿ ಮಾತಿಲ್ಲ, ಅಂಗಡಿ ಹೊಕ್ಕು ಬರುವುದಿಲ್ಲ, ಚಹಾಕ್ಕೆ ನಿಲ್ಲುವುದಿಲ್ಲ. ಪ್ರಭುವನ್ನು ಎದೆಯ ಮೇಲೆ ಹೊತ್ತು ಹೋಗುವಾಗ ಲೋಕಾಭಿರಾಮ ಏನು ಎನ್ನುವುದು ಅವರ ವಾದ. ದಾರಿಯಲ್ಲಿ ಸಿಕ್ಕ ಗಿರಾಕಿಯೊಬ್ಬ “ಏನಯ್ಯಾ, ನೀನು ಕೊಟ್ಟ ಹಾಸಿಗೆ ಒಂದು ಕಡೆ ಕುಸಿದಿದೆಯಲ್ಲ” ಎಂದಾಗ ಇವನು ಬಾಯಿಗೆ ಬೀಗ ಹಾಕಿಕೊಂಡು, ಸಂತನ ಹಾಗೆ ಕಣ್ಣು ತಗ್ಗಿಸಿ ನಡೆದುಬಿಟ್ಟ. ಆ ದಿನ ನಿಯಮದ ಮೇಲೆ ಅವನಿಗೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

ಮೊದಲ ಭಾನುವಾರದ ಕೊನೆಯ ಮನೆ ಹೆಡ್‌ಮಿಸ್ ಅವರದು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲ ಕಳೆದಿದ್ದರೂ ಅವರು ಎಲ್ಲರಿಗೂ ಹೆಡ್‌ಮಿಸ್ಸೇ. ಎರಡನೆಯ ಮಹಡಿ, ಕಿಟಕಿಯ ಪಕ್ಕ ತೋಳಿರುವ ಕುರ್ಚಿ, ಕುರ್ಚಿಯಲ್ಲಿ ನೆಟ್ಟಗೆ ಅವರು. ಕಾಲುಗಳಲ್ಲಿ ಬಲವಿರಲಿಲ್ಲ, ಆದರೆ ಅದನ್ನು ಒಪ್ಪಿಕೊಳ್ಳುವ ಬುದ್ಧಿಯೂ ಇರಲಿಲ್ಲ. ಮಗಳು ಹಾಲು ತರಲು ಇಳಿದಿದ್ದಾಗ ಒಮ್ಮೆ ಎದ್ದು ನಿಲ್ಲಲು ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಂದಿನಿಂದ ಮಗಳು ಮನೆ ಬಿಟ್ಟು ಕದಲುತ್ತಿರಲಿಲ್ಲ. ಮದುವೆಯಾಗದ, ನಡುವಯಸ್ಸಿನ ಹೆಂಗಸು. ದರ್ಜಿಗಳು ಕಳಿಸಿದ ಬಟ್ಟೆಗಳಿಗೆ ಗುಂಡಿ ಹಾಕಿ, ಅಂಚು ಹೊಲಿದು ಕೊಡುತ್ತಿದ್ದಳು.

ನರ್ಸಮ್ಮ ಪ್ರಾರ್ಥನೆ ಮುಗಿಸಿ ಹೆಡ್‌ಮಿಸ್‌ಗೆ ಪರಮಪ್ರಸಾದ ಕೊಟ್ಟರು. ಮಗಳು ಅಡುಗೆಮನೆಯ ಬಾಗಿಲಲ್ಲಿ ಕೈಜೋಡಿಸಿ ನಿಂತಿದ್ದಳು. ಮೌನ ಮುಗಿಯುತ್ತಲೇ ಹಾಸಿಗೆಯವನ ಬಾಯಿ ಬಿಚ್ಚಿತು.

“ಅಕ್ಕ, ನೀವು ಯಾವ ಪೂಜೆಗೆ ಬರ್ತೀರಿ? ನಾನು ಬಾಗಿಲಲ್ಲಿ ನಿಂತು ಎಲ್ಲರ ಮುಖ ಬಾಯಿಪಾಠ ಮಾಡಿದ್ದೀನಿ. ನಿಮ್ಮನ್ನ ನೋಡಿದ ನೆನಪೇ ಇಲ್ಲ!”

ನರ್ಸಮ್ಮ ಅವನ ಪಾದವನ್ನು ತುಳಿದರು. ಆದರೆ ಮಗಳು ಸಹಜವಾಗಿಯೇ, “ನಾನಾ? ಅಮ್ಮ ಬಿದ್ದ ಮೇಲೆ ಬರೋಕಾಗಿಲ್ಲಪ್ಪ” ಎಂದಳು.

ನರ್ಸಮ್ಮನ ಕಾಲು ಅವನ ಪಾದದ ಮೇಲೆಯೇ ಉಳಿಯಿತು. “ಅಂದ್ರೆ... ಪರಮಪ್ರಸಾದ?”

“ಅಮ್ಮನಿಗೆ ನೀವು ತರ್ತೀರಲ್ಲ.”

“ನಿನಗೆ ಕಣೇ! ಪ್ರತಿ ವಾರ ನಾನಿಲ್ಲಿ ಬಂದು ನಿಂತಿದ್ದೀನಿ. ಒಂದು ಮಾತು ಕೇಳಬಾರದಿತ್ತಾ?”

“ನೀವು ಕಾಯಿಲೆಯವರಿಗೆ ಅಂತ ತರೋದು. ನನಗೇನು ಕಾಯಿಲೆ?”

ಮೆಟ್ಟಿಲಿಳಿಯುವಾಗ ನರ್ಸಮ್ಮನ ಕೊರಳಿನ ಡಬ್ಬಿ ಖಾಲಿಯಾಗಿತ್ತು. ಮಾತಾಡಬಹುದಿತ್ತು. ಅವರು ಮಾತಾಡಲಿಲ್ಲ. ಕೆಳಗೆ ಬಂದ ಮೇಲೆ, “ಆ ಮನೆಗೆ ಒಂದೇ ಅಂತ ಎಣಿಸಿ ತಗೊಂಡು ಬರ್ತಿದ್ದೆನಲ್ಲೋ. ಬಾಗಿಲಲ್ಲಿ ನಿಂತವಳು ನನ್ನ ಕಣ್ಣಿಗೆ ಕಾಣಲೇ ಇಲ್ಲ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಮುಂದಿನ ವಾರದಿಂದ ಎರಡು ತಂದರು. ಅಂದು ಪರಮಪ್ರಸಾದ ಪಡೆದ ಮಗಳು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದ ಮೇಲೆ, “ಇದೇ ದೊಡ್ಡದು. ಆದ್ರೂ ಒಂದು ಸಲ ಎಲ್ಲರ ಜೊತೆ ನಿಂತು, ಮೊದಲಿಂದ ಕೊನೇ ಹಾಡಿನವರೆಗೂ ಪೂಜೆಯಲ್ಲಿ ಇರಬೇಕು ಅನ್ಸುತ್ತೆ” ಎಂದಳು. ಒಂದು ಕಾಲದಲ್ಲಿ ಅವಳು ಗಾನವೃಂದದಲ್ಲಿ ಹಾಡುತ್ತಿದ್ದಳಂತೆ.

ಅಷ್ಟೇ ತಾನೇ! ಎರಡನೇ ಪೂಜೆಯ ಹೊತ್ತಿಗೆ ಯಾರಾದರೊಬ್ಬರು ಹೆಡ್‌ಮಿಸ್ ಜೊತೆ ಕುಳಿತರಾಯಿತು ಎಂದು ನರ್ಸಮ್ಮ ಲೆಕ್ಕ ಹಾಕಿದರು. ಲೆಕ್ಕ ಸರಿಯಿತ್ತು, ಹೆಡ್‌ಮಿಸ್ ಸರಿಯಿರಲಿಲ್ಲ.

“ನನ್ನನ್ನ ಕಾಯೋದಕ್ಕೆ ನಾನೇನು ಒಲೆ ಮೇಲಿಟ್ಟ ಹಾಲಾ?” ಎಂದರು.

ಮಹಿಳಾ ಸಂಘದ ಹೆಂಗಸೊಬ್ಬರು ಬಂದು ಪ್ರೀತಿಯಿಂದ ಅವರ ಕೈ ನೇವರಿಸಿದರು. ಫಾದರ್ ಪ್ರಬೋಧನೆ ಶುರುಮಾಡುವ ಹೊತ್ತಿಗೆ ಮಗಳ ಫೋನು ಚರ್ಚಿನೊಳಗೆ ಗುರುಗುಟ್ಟಿತು: “ಈ ಹೆಂಗಸು ನನ್ನ ಕೈಯನ್ನ ಬೆಕ್ಕು ಅಂದ್ಕೊಂಡಿದ್ದಾಳೆ. ನೀನು ಬಾ.” ಮಗಳು ಎದ್ದು ಓಡಿದಳು. ಮುಂದಿನ ವಾರ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಪ್ರಾರ್ಥನಾ ಪುಸ್ತಕ ಓದಿ ಹೇಳಲು ಕೂತರು. ಹೆಡ್‌ಮಿಸ್ ಅವರ ಉಚ್ಚಾರಣೆ ತಿದ್ದುತ್ತ ತಿದ್ದುತ್ತ ಅವರನ್ನು ಎರಡನೇ ತರಗತಿಗೆ ಇಳಿಸಿಬಿಟ್ಟರು. ಮಗಳು ಕಾಣಿಕೆಯ ಹಾಡಿನ ಹೊತ್ತಿಗೆ ಎದ್ದು ಓಡಿದಳು. ಒಂದು ಪೂಜೆಯನ್ನೂ ಅವಳು ಪೂರ್ತಿ ಕಾಣಲಿಲ್ಲ.

ಮೂರನೆಯವನಾಗಿ ಹಾಸಿಗೆಯವನು ಎದೆ ಉಬ್ಬಿಸಿಕೊಂಡು ಹೋದ. ಎಂಥೆಂಥ ಗಿರಾಕಿಗಳನ್ನು ಮಲಗಿಸಿದವನು, ಒಬ್ಬರನ್ನು ಕೂರಿಸಲಾರೆನೇ ಎಂಬ ಹಮ್ಮು. ಹವಾಮಾನದಿಂದ ಶುರುಮಾಡಿ, ತನ್ನ ಅಂಗಡಿಯ ಮಾಲೀಕನ ಜಿಪುಣತನಕ್ಕೆ ಬಂದು, ಹೆಡ್‌ಮಿಸ್ ಕೂತಿದ್ದ ದಿಂಬಿನ ದೋಷಗಳನ್ನು ವಿವರಿಸುವಷ್ಟರಲ್ಲಿ ಅವರು ಫೋನು ಕೈಗೆತ್ತಿಕೊಂಡಿದ್ದರು. ಎದುರಿಗೇ, ಅವನನ್ನೇ ನೋಡುತ್ತ ಹೇಳಿದರು: “ಬಾ ಮಗಳೇ. ಇಲ್ಲೊಂದು ರೇಡಿಯೋ ಇದೆ. ಆರಿಸೋ ಗುಂಡಿ ಎಲ್ಲಿದೆ ಗೊತ್ತಾಗ್ತಿಲ್ಲ.”

ಮಗಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಬಾಗಿಲವರೆಗೆ ಬಂದು ಮೆಲ್ಲಗೆ, “ಬಿಟ್ಬಿಡಿ ತಮ್ಮ. ಮಧ್ಯದಲ್ಲಿ ಎದ್ದು ಓಡೋದಕ್ಕಿಂತ ಹೋಗದೇ ಇರೋದೇ ವಾಸಿ. ಜನ ಎಲ್ಲ ತಿರುಗಿ ನೋಡ್ತಾರೆ. ಬರೋ ವಾರ ಇನ್ನೊಂದು ಸಲ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಮತ್ತೆ ಕೇಳಲ್ಲ” ಎಂದಳು.

ಅದನ್ನು ಕೇಳಿ ನರ್ಸಮ್ಮ ಅವನ ಕಿವಿ ಹಿಂಡುವುದೊಂದು ಬಾಕಿ. “ಬರೋ ವಾರ ಬೇರೆ ಯಾರೂ ಸಿಗ್ತಿಲ್ಲ, ನೀನೇ ಗತಿ. ಹೋಗು, ಕೂರು. ಬಾಯಿ ತೆರೆದೆ ಅಂತ ಗೊತ್ತಾದ್ರೆ ಹೊಲಿಗೆ ಹಾಕ್ತೀನಿ. ನನಗೆ ಬರುತ್ತೆ, ನೆನಪಿರ್ಲಿ.”

ಆ ವಾರ ಅಂಗಡಿಯಲ್ಲಿ ಹಳೇ ಹಾಸಿಗೆ ಕೊಟ್ಟು ಹೊಸದು ಒಯ್ಯುವ ಮಾರಾಟ. ಊರಿನವರ ಹಳೇ ಹಾಸಿಗೆಗಳನ್ನೆಲ್ಲ ಹೊತ್ತು ಇಳಿಸಿದವನು ಇವನೇ. ಮನೆಯಲ್ಲಿ ಕೂಸಿಗೆ ಹಲ್ಲು ಬರುತ್ತಿತ್ತು. ಭಾನುವಾರ ಮೊದಲ ಪೂಜೆ ಮುಗಿಸಿ, ಮನೆಗಳನ್ನು ಸುತ್ತಿ, ಹೆಡ್‌ಮಿಸ್ ಎದುರಿನ ಬೆತ್ತದ ಕುರ್ಚಿಯಲ್ಲಿ ಬಂದು ಕುಳಿತ. ಮಗಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಅನುಮಾನದಿಂದ ತಿರುಗಿ ತಿರುಗಿ ನೋಡುತ್ತ ಮೆಟ್ಟಿಲಿಳಿದಳು. ಇವನು ತುಟಿ ಒತ್ತಿ ಹಿಡಿದ. ಹೆಡ್‌ಮಿಸ್ ಅವನನ್ನು ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗನನ್ನು ನೋಡುವಂತೆ ನೋಡಿದರು. ಕಿಟಕಿಯಿಂದ ಬೆಚ್ಚನೆಯ ಬಿಸಿಲು ಮೊಣಕಾಲಿನ ಮೇಲೆ ಬಿದ್ದಿತ್ತು. ಮಾತಾಡದೆ ಅಷ್ಟು ಹೊತ್ತು ಕುಳಿತು ಅವನಿಗೆ ಅಭ್ಯಾಸವೇ ಇರಲಿಲ್ಲ. ಬಾಯಿ ಮುಚ್ಚಿದರೆ ಕಣ್ಣೂ ಮುಚ್ಚುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಎಚ್ಚರವಾದಾಗ ಯಾರೋ ಪಿಸುಗುಡುತ್ತಿದ್ದರು.

“ಶ್! ಮೆಲ್ಲಗೆ ಚಪ್ಪಲಿ ಬಿಡೇ. ಮಗು ಮಲಗಿದೆ.”

ಮಗು ಯಾವುದು ಎಂದು ಅವನು ಅರೆಗಣ್ಣಿನಲ್ಲಿ ಹುಡುಕಿದ. ತನ್ನ ಮೊಣಕಾಲಿನ ಮೇಲೆ, ಕೂತಲ್ಲಿಂದಲೇ ಎಸೆದಂತೆ, ಹೆಡ್‌ಮಿಸ್ ಅವರ ಶಾಲು ಓರೆಯಾಗಿ ಬಿದ್ದಿತ್ತು. ಗಲ್ಲದ ಮೇಲೆ ಜೊಲ್ಲು ಇತ್ತು. ಬಾಗಿಲಲ್ಲಿ ಮಗಳು ಒಂದು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಳು. ಕಾಯಲು ಬಂದವನು ಗೊರಕೆ ಹೊಡೆದಿದ್ದ. ಇವರು ಎದ್ದು ಬಿದ್ದಿದ್ದರೆ? ಧಡಕ್ಕನೆ ಎದ್ದು, “ಮೇಡಂ, ಕ್ಷಮಿಸಿ, ನಾನು... ನೀವು ಏಳಲಿಲ್ಲ ತಾನೇ?” ಎಂದು ತೊದಲಿದ.

“ಏಳೋದು ಹೇಗಯ್ಯ?” ಎಂದರು ಹೆಡ್‌ಮಿಸ್. “ಸ್ವಲ್ಪ ಅಲ್ಲಾಡಿದ್ರೂ ಈ ಕುರ್ಚಿ ಕಿರ್ ಅನ್ನುತ್ತೆ. ನೀನು ಮುಖ ಕಿವುಚ್ತಿದ್ದೆ. ಅದಕ್ಕೆ ಉಸಿರು ಬಿಗಿಹಿಡಿದು ಕೂತಿದ್ದೀನಿ. ನಿಮ್ಮ ಮನೇಲಿ ನಿನ್ನನ್ನ ಮಲಗೋಕೇ ಬಿಡಲ್ವಾ?”

ಮಗಳು ಗೋಡೆಗೆ ಒರಗಿ ನಿಂತು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. “ಕೊನೇ ಹಾಡಿನವರೆಗೂ ಇದ್ದೆ. ಫೋನು ಬರುತ್ತೆ, ಬರುತ್ತೆ ಅಂತ ಕಾಯ್ತಾನೇ ಇದ್ದೆ. ಆಶೀರ್ವಾದಾನೂ ಆಗೋಯ್ತು” ಎಂದಳು.

ಇಷ್ಟಾದರೂ ಅವನಿಗೆ ನಿರಾಳವಾಗಲಿಲ್ಲ. ಸಂಜೆ ನರ್ಸಮ್ಮನ ಮುಂದೆ ನಿಂತು ನಡೆದದ್ದನ್ನು ಹೇಳಿಕೊಂಡ. ಅವರು ಕೆಂಡಾಮಂಡಲವಾದರು.

“ಕಾವಲಿಗೆ ಕಳಿಸಿದ್ರೆ ನಿದ್ದೆ ಹೊಡೆದು ಬಂದ್ಯಾ? ಇನ್ನೊಂದು ಸಲ ಬಿದ್ದಿದ್ರೆ ಅವರ ಗತಿ ಏನಾಗಿರ್ತಿತ್ತು? ಇನ್ಮೇಲೆ ಆ ಮನೆ ಕಡೆ ತಲೆ ಹಾಕ್ಬೇಡ.”

ಮಾರನೆಯ ದಿನ ನರ್ಸಮ್ಮನೇ ಅಂಗಡಿಗೆ ಬಂದರು. ಬೆನ್ನುನೋವಿನ ಗಿರಾಕಿಯೆಂದು ಮಾಲೀಕ ಒಂದು ಹಾಸಿಗೆಯ ಮೇಲೆ ಅವರನ್ನು ಕೂರಿಸಿಯೂಬಿಟ್ಟ.

“ಹೆಡ್‌ಮಿಸ್ ಫೋನ್ ಮಾಡಿದ್ರು ಕಣೋ,” ಎಂದರು ನರ್ಸಮ್ಮ, ಸೋತವರ ದನಿಯಲ್ಲಿ. “ಬೇರೆ ಯಾರನ್ನೂ ಕಳಿಸ್ಬೇಡಿ ಅಂದ್ರು. ಆ ಹುಡುಗನ ಕಣ್ಣಿನ ಕೆಳಗೆ ಕಪ್ಪಾಗಿದೆ, ಅವನನ್ನ ನೋಡ್ಕೊಳ್ಳೋರು ಯಾರೂ ಇಲ್ಲ, ಭಾನುವಾರ ನನ್ನ ಹತ್ತಿರ ಬಿಡಿ ಅಂದ್ರು. ಫಾದರ್‌ಗೆ ಹೇಳಿದ್ರೆ ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡ್ರು.” ಆಮೇಲೆ ಬೆರಳೆತ್ತಿ, “ಆದ್ರೆ ನಿದ್ದೆ ಮಾಡೋದಾದ್ರೆ ಕುರ್ಚಿಯನ್ನ ಅವರ ಕುರ್ಚಿಗೆ ಅಡ್ಡ ಹಾಕ್ಕೊಂಡು ಮಾಡು. ಏಳ್ಬೇಕಂದ್ರೆ ನಿನ್ನನ್ನ ದಾಟಿ ಏಳ್ಬೇಕು” ಎಂದರು.

ಮುಂದಿನ ಭಾನುವಾರ ದೇವರ ದಯೆಯೋ ಶಾಪವೋ, ಅಣ್ಣ ಅತ್ತಿಗೆ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಅವನು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದ. ಹೆಡ್‌ಮಿಸ್ ಎದುರು ಕುರ್ಚಿ ಅಡ್ಡಹಾಕಿ ಕೂತರೆ ನಿದ್ದೆಯ ಸುಳಿವೇ ಇಲ್ಲ. ಮಗಳ ಒಂದು ಪೂಜೆ ತನ್ನ ರೆಪ್ಪೆಗಳ ಮೇಲೆ ನಿಂತಿದೆ ಎಂದುಕೊಂಡು ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಒಂದೆರಡು ಗೊರಕೆಗಳನ್ನು ತಯಾರಿಸಿದ.

“ಸಾಕು,” ಎಂದರು ಹೆಡ್‌ಮಿಸ್. “ತಲೆನೋವು ಅಂತ ನಾಟಕ ಆಡಿದ ಎಷ್ಟು ಮಕ್ಕಳನ್ನ ನಾನು ನೋಡಿಲ್ಲ! ನಿದ್ದೆ ಬರ್ತಿಲ್ವಾ?”

“ಇಲ್ಲ ಮೇಡಂ,” ಎಂದ ಅವನು ಅಳುಮೋರೆಯಲ್ಲಿ. “ದಯವಿಟ್ಟು ಅಕ್ಕನಿಗೆ ಫೋನ್ ಮಾಡ್ಬೇಡಿ. ಬೇಕಾದ್ರೆ ಗೋಡೆ ನೋಡ್ಕೊಂಡು ಕೂರ್ತೀನಿ.”

ಅವರು ಕಿಟಕಿಯ ಕಡೆ ತಿರುಗಿದರು. “ಇವತ್ತು ಬೆಳಗ್ಗೆ ಅವಳು ಅಡುಗೆಮನೇಲಿ ಹಾಡ್ತಾ ಇದ್ಲು. ಈ ಮನೇಲಿ ಅದು ಕೇಳಿ ಎಷ್ಟು ಕಾಲ ಆಯ್ತೋ” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಸರಿ, ಮಾತಾಡು. ಮೆಲ್ಲಗೆ. ನಿಮ್ಮ ಮಾಲೀಕ ಜಿಪುಣ ಅಂದ್ಯಲ್ಲ, ಎಷ್ಟು ಜಿಪುಣ?” ಎಂದರು.

ಅವನು ಹೇಳಿದ. ನಡುನಡುವೆ ಅವರು ವಾಕ್ಯ ತಿದ್ದಿದರು. ಇವನು ತಿದ್ದಿಸಿಕೊಂಡ. ಮಾಲೀಕನ ಜಿಪುಣತನ ಇನ್ನೂ ಅರ್ಧ ಬಾಕಿಯಿದ್ದಾಗಲೇ ಮಗಳು ಬಂದಳು. ಬೆವರಿದ್ದಳು, ಓಡಿಕೊಂಡೇ ಬಂದಿರಬೇಕು. “ಏನೂ ಆಗ್ಲಿಲ್ವಲ್ಲಮ್ಮ?” ಎಂದು ಬಾಗಿಲಲ್ಲೇ ಕೇಳಿದಳು.

“ಪೂಜೆ ಆದ ಮೇಲೆ ಹಾಡಿನವರಿಗೆ ಅಭ್ಯಾಸ ಇರ್ತಿತ್ತಲ್ಲ, ಈಗ ಇಲ್ವಾ?” ಎಂದರು ಹೆಡ್‌ಮಿಸ್.

“ಇದೆ. ಕರೆದ್ರು. ನಾನೇ ಬಂದ್ಬಿಟ್ಟೆ.”

“ಯಾಕೆ ಬಂದೆ? ಇಲ್ಲಿ ಈ ಹುಡುಗನನ್ನ ನಾನು ನೋಡ್ಕೋತಿದ್ದೀನಲ್ಲ.”

ವಾರಕ್ಕೊಂದೇ ರಜೆ, ಅದರ ಮಧ್ಯಾಹ್ನವೂ ಕೈಬಿಟ್ಟು ಹೋಯಿತೆಂದು ಹಾಸಿಗೆಯವನಿಗೆ ಅರ್ಥವಾಯಿತು. ಬಾಯಿ ತೆರೆಯಬೇಕೆಂದುಕೊಂಡವನು ಮಗಳ ಮುಖ ನೋಡಿ, ಜೀವಮಾನದಲ್ಲಿ ಮೊದಲ ಬಾರಿಗೆ, ಯಾರೂ ಹೇಳದೆಯೇ ಸುಮ್ಮನಾದ. ಅವಳು ಅಮ್ಮನನ್ನು ನೋಡಿದಳು, ಅವನನ್ನು ನೋಡಿದಳು.

“ಊಟ ಮುಚ್ಚಿಟ್ಟಿದ್ದೀನಿ. ತಮ್ಮನಿಗೂ ಸಾಕಾಗುತ್ತೆ” ಎಂದಷ್ಟೇ ಹೇಳಿ, ಬಂದಷ್ಟೇ ವೇಗದಲ್ಲಿ ಮೆಟ್ಟಿಲಿಳಿದಳು.