ಡಾಬಕಾಕ್ಕೆ ಒಯ್ದ ಹಾಟ್‌ಸ್ಪಾಟ್ ಬೋರ್ಡು

ಎಳ್ಳಮಾಸಿ ಹಬ್ಬದ ದಿನ ಔರಾದ ಕಡೆ ಕೆಲಸ ಇಟ್ಟುಕೊಳ್ಳಬಾರದು. ಯಾವ ಹೊಲದವರೂ ಉಣ್ಣಿಸದೆ ಬಿಡುವುದಿಲ್ಲ. ಅಲ್ಲಿನ ಡಾಬಕಾದಲ್ಲಿ ಊರ ದನಗಳ ಜೊತೆ ಚಿಗರಿ ಅನ್ನುವ ಕೃಷ್ಣಮೃಗಗಳೂ ಮೇಯುವ ಗಾಯರಾಣ, ಅಂದರೆ ಗೋಮಾಳವಿದೆ. ಅರಣ್ಯ ಇಲಾಖೆಯ ನಮ್ಮ ಸಾಹೇಬರು ಬರೆಸಿಕೊಟ್ಟ ಬೋರ್ಡು ನೆಡಲು ಅಲ್ಲಿಗೆ ಹೋದ ನನ್ನನ್ನು ಪಕ್ಕದ ಹೊಲದ ಕಾಶೀಬಾಯಿ ಭಜ್ಜಿ, ಅಂಬಲಿ ಮುಂದೆ ಕೂಡಿಸಿಯೇ ಬಿಟ್ಟರು.

“ಏನ್ ಬರ್ಸೀರಿ ಅದರಾಗ?”

“ಹಾಟ್‌ಸ್ಪಾಟ್ ಅಂತರಿ.”

ಬಾಯಲ್ಲಿ ಭಜ್ಜಿ ಇದ್ದರೂ ಪಾಠ ಶುರು ಮಾಡಿದೆ. ನೆಲದೊಳಗೆ ಕುದಿಯುವ ಜಾಗಗಳಿಗೆ ಭೂವಿಜ್ಞಾನಿಗಳು ಹೀಗೆ ಅನ್ನುತ್ತಿದ್ದರು. ಆಮೇಲೆ ಅಳಿದು ಹೋಗುವ ಜೀವಿಗಳ ಅಧ್ಯಯನ ಮಾಡುವವರೂ ಆ ಪದ ಹಿಡಿದುಕೊಂಡರು. ಬೇರೆಲ್ಲೂ ಸಿಗದ ಗಿಡಗಳು ಅಲ್ಲಿರಬೇಕು, ನೆಲೆಯ ಬಹುಪಾಲು ಹಾಳಾಗಿರಬೇಕು, ಆಗಲೇ ಆ ಹೆಸರು.

ಕಾಶೀಬಾಯಿ ಬಡಿಸುವುದು ನಿಲ್ಲಿಸಿದರು. “ಹಾಳಾದ ಮ್ಯಾಲೇ ಹೆಸರೇನ್ರಿ?”

“ಹೂಂರಿ, ನಿಯಮ ಹಂಗೇ ಅದ.”

“ಹಂಗಿದ್ರ ನಮ್ಮ ಗಾಯರಾಣಕ್ಕ ಬ್ಯಾಡ್ರಿ. ಚಿಗರಿ ಬಂದು ನನ್ನ ಕಡ್ಲಿ ತಿಂತಾವ, ಖರೆ. ಆದ್ರ ಹುಲ್ಲು ಇನ್ನಾ ಅದ.”

ಭೂತಾಯಿಯ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಿ ಉಳಿದಿದ್ದ ಕಡುಬನ್ನು ಆ ಹುಲ್ಲಿನ ಕಡೆಗೂ ಒಂದಿಷ್ಟು ಎಸೆದು, ಮತ್ತೆ ನನಗೆ ಬಡಿಸಿದರು.

ಬೋರ್ಡು ಬೀದರಿಗೆ ವಾಪಸ್ ತಂದೆ. “ಆ ಜಾಗ ಇನ್ನೂ ಅಷ್ಟು ಹಾಳಾಗಿಲ್ಲ ಸರ್,” ಅಂದೆ.

ಸಾಹೇಬರ ಮುಖ ಸಪ್ಪಗಾಯಿತು. ಆದರೆ ಅವರು ಸುಲಭಕ್ಕೆ ಆಸೆ ಬಿಡುವವರಲ್ಲ. “ಇರ್ಲಿ, ಬೋರ್ಡು ಎತ್ತಿಡ್ರಿ,” ಅಂದರು. “ಎರಡು ವರ್ಷ ಬಿಟ್ಟು ನೋಡಮಿ.”