ಹೊಗೆಯ ದಾರಿಗೆ ಹಾಕಿಸಿದ ತಗಡು

ಮೊನ್ನೆ ತಿಪಟೂರಿನಲ್ಲಿ ಒಂದು ಗ್ಯಾರೇಜಿನ ಮುಂದೆ ನಡೆದು ಹೋಗುತ್ತಿದ್ದೆ. ಯಾರೋ ಡೀಸೆಲ್ ಕಾರಿನ ಭಾಗವೊಂದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತಿಕ್ಕುತ್ತಿದ್ದರು. ಮಸಿಯೂ ಸೀಮೆಎಣ್ಣೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. "ಮುಟ್ಬ್ಯಾಡ ಕಣಪ್ಪ, ಬಿಳೀ ಪಂಚೆ ಉಟ್ಟಿದ್ದೀಯ" ಎಂದು ಬೆನ್ನ ಹಿಂದೆ ಯಾರೋ ಅಂದಂತಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ… ಹಾಗೆ ಅನ್ನುತ್ತಿದ್ದವರು ಹೋಗಿ ಆರು ವರ್ಷವಾಯಿತು.

ನಾವೆಲ್ಲ ಅವರನ್ನು ಮೇಸ್ತ್ರಣ್ಣ ಅನ್ನುತ್ತಿದ್ದೆವು. ಹಾಲ್ಕುರಿಕೆ ರಸ್ತೆಯಲ್ಲಿ ಅವರದೊಂದು ಶೆಡ್ಡು. ನಮ್ಮಪ್ಪನ ಕಾಲದಲ್ಲಿ ತೋಟದ ಡೀಸೆಲ್ ಪಂಪು ರಿಪೇರಿಗೆ ಬರುತ್ತಿದ್ದವರು ಆಮೇಲೆ ಕಾರಿನ ಕೆಲಸಕ್ಕೆ ಇಳಿದರು. ಬಾನೆಟ್ ಎತ್ತುವ ಮುಂಚೆ ಕಾರಿನಲ್ಲಿ ಎರಡು ಮೈಲಿ ಹೋಗಿಬರುವುದು ಅವರ ಪದ್ಧತಿ. ಓಡಿಸಬೇಕಾದವರು ನಾವು. ಅವರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಗೊತ್ತಿಲ್ಲದವರಿಗೆ ನಿದ್ದೆ ಹೋದರೇನೋ ಅನ್ನಿಸಬೇಕು, ಹಾಗೆ. ವಾಪಸು ಬಂದು ಇಳಿಯುವಾಗ ಕಾರಿಗೆ ಏನಾಗಿದೆ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ತಪ್ಪಿದ್ದು ನನಗಂತೂ ನೆನಪಿಲ್ಲ.

ನನ್ನ ಕಾರು ಕಪ್ಪು ಹೊಗೆ ಉಗುಳುತ್ತ ಏರಿನಲ್ಲಿ ಮುಗ್ಗರಿಸತೊಡಗಿದಾಗ ಅವರಲ್ಲಿಗೇ ಹೋದೆ. ಹಾಗೇ ಕಣ್ಣು ಮುಚ್ಚಿ ಕೂತು ಎಂಜಿನ್ನಿನ ದನಿ ಕೇಳಿದರು. "ಇ.ಜಿ.ಆರ್. ವಾಲ್ವು ಕಟ್ಕೊಂಡೈತೆ" ಅಂದರು. ಅದೇನೆಂದು ಕೇಳಿದ್ದಕ್ಕೆ ನಕ್ಕರು.

"ನಿಮ್ಮನೇಲಿ ಕೊಬ್ಬರಿ ಅಟ್ಟ ಐತಲ್ಲ, ಕೆಳಗೆ ಹೊಗೆ ಹಾಕಿದ್ರೆ ಜಂತೆಗೆಲ್ಲ ಮಸಿ ಹಿಡಿಯಲ್ವಾ? ಹಂಗೇ ಇದೂವೆ. ಸುಟ್ಟ ಹೊಗೇಲಿ ಒಂದಿಷ್ಟನ್ನ ಈ ವಾಲ್ವು ತಿರ್ಗ ಎಂಜಿನ್ನಿಗೇ ಬುಡ್ತೈತೆ, ಆಚೆ ಹೋಗೋ ವಿಷ ಕಮ್ಮಿಯಾಗ್ಲಿ ಅಂತ. ನೀನೋ, ಮನೆಯಿಂದ ತೋಟ, ತೋಟದಿಂದ ಮನೆ, ಎತ್ತಿನ ಗಾಡಿ ಹೊಡ್ದಂಗೆ ಹೊಡೀತೀಯ. ಎಂಜಿನ್ನು ಬಿಸಿಯಾಗೋದ್ರೊಳಗೆ ಆಫು. ಮಸಿ ಕಟ್ದೆ ಇನ್ನೇನ್ ಬೆಣ್ಣೆ ಕಟ್ಟುತ್ತಾ?"

ಎರಡು ದಿನ ಕಾರು ಬಿಟ್ಟುಹೋಗು, ಬಿಚ್ಚಿ ನೆನೆಹಾಕಿ ಮಸಿ ತೆಗೆದು ಕೂರಿಸುತ್ತೇನೆ ಅಂದರು. ಆ ವಾರ ನಮ್ಮಲ್ಲಿ ಕೊಬ್ಬರಿ ಸುಲಿಸುತ್ತಿದ್ದೆವು. ಸುಲಿಯುವವರನ್ನು ದಿನಾ ನೊಣವಿನಕೆರೆಯಿಂದ ನಾನೇ ಕರೆತರಬೇಕಿತ್ತು.

"ಆ ಹೊಗೆ ಬರೋ ದಾರಿಗೆ ಒಂದು ತಗಡಿಟ್ಟು ಮುಚ್ಚಿಬುಡ್ತಾರಂತಲ್ಲ ಮೇಸ್ತ್ರಣ್ಣ, ಅರ್ಧ ಗಂಟೆ ಕೆಲ್ಸವಂತೆ" ಅಂದೆ.

ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಮುಚ್ಚಬೋದು. ಆದ್ರೆ ಮುಚ್ಚೈತೆ ಅಂತ ಕಾರಿನ ಕಂಪ್ಯೂಟ್ರಿಗೆ ಗೊತ್ತಾಯ್ತದೆ. ಒಂದಿನ ಯಾವ್ದೋ ಏರಿನಲ್ಲಿ ಹೆದ್ರಿಕೊಂಡು ಕಾಲು ಎಳೀತದೆ. ಎಷ್ಟ್ ತುಳುದ್ರೂ ಓಡಾಕಿಲ್ಲ. ನನ್ ಕೈಲಿ ಅದನ್ನ ಮಾಡಿಸ್ಬ್ಯಾಡ."

ಅವರ ಕೈಲಿ ಮಾಡಿಸಲಿಲ್ಲ. ತುರುವೇಕೆರೆ ರಸ್ತೆಯಲ್ಲಿ ಇನ್ನೊಬ್ಬರ ಕೈಲಿ ಮಾಡಿಸಿದೆ. ಹೊಗೆ ನಿಂತಿತು, ಕಾರು ಚೆನ್ನಾಗಿ ಎಳೆಯಿತು. ಮೀಟರಿನಲ್ಲಿ ಹಳದಿ ದೀಪವೊಂದು ಆಗಾಗ ಹತ್ತುತ್ತಿತ್ತು, ನೋಡದವನಂತೆ ಇದ್ದೆ. ಮೇಸ್ತ್ರಣ್ಣನ ಕಣ್ಣಿಗೆ ಬೀಳಬಾರದೆಂದು ಹಾಲ್ಕುರಿಕೆ ರಸ್ತೆಗೆ ಹೋಗುವುದನ್ನೇ ಬಿಟ್ಟೆ.

ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿ ಫೋನು ಮಾಡಿದರು. ಮೇಸ್ತ್ರಣ್ಣನಿಗೆ ಎದೆನೋವು. ತಿಪಟೂರಿನ ಡಾಕ್ಟರು ನೋಡಿ, ತಡಮಾಡದೆ ತುಮಕೂರಿಗೆ ಕರೆದೊಯ್ಯಿರಿ ಅಂದಿದ್ದರು. ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಶೆಡ್ಡಿನಲ್ಲಿ ನಾಲ್ಕು ಕಾರುಗಳಿದ್ದವು, ನಾಲ್ಕೂ ಬಿಚ್ಚಿದವು.

ನಾನು ಹೋದೆ. ಅವರನ್ನು ಮುಂದಿನ ಸೀಟಿನಲ್ಲಿ ಒರಗಿಸಿದೆವು. ಹೆಂಡತಿ ಹಿಂದೆ ಕೂತು ಅವರ ಹೆಗಲು ಹಿಡಿದುಕೊಂಡರು. ಕೆ.ಬಿ. ಕ್ರಾಸ್ ದಾಟಿ ಸಣ್ಣದೊಂದು ಏರು ಬಂತು. ಹಳದಿ ದೀಪ ಹತ್ತಿತು. ಎಂಜಿನ್ನಿನ ದನಿ ಕುಸಿಯಿತು. ಪೆಡಲನ್ನು ತಳಮುಟ್ಟ ತುಳಿದರೂ ಕಾರು ತೆವಳಿತು. ಲಾರಿಗಳು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿಹೋದವು.

ಅವರು ಕಣ್ಣು ಮುಚ್ಚಿಕೊಂಡಿದ್ದರು.

"ನಿದ್ದೆ ಬಂದಂಗೈತೆ. ನಿಧಾನುಕ್ಕೇ ಹೋಗಪ್ಪ, ಕುಲುಕ್ಬ್ಯಾಡ" ಅಂದರು ಹೆಂಡತಿ.

ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಅವರು ಕೇಳಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ, ನನಗಷ್ಟೇ ಕೇಳುವಂತೆ, "ಯಾರ್ ಕೈಲಿ ಮುಚ್ಚಿಸ್ದೆ?" ಅಂದರು.

"ಇಲ್ಲ ಮೇಸ್ತ್ರಣ್ಣ, ಮುಚ್ಚಿಸಿಲ್ಲ."

ಆ ಸ್ಥಿತಿಯಲ್ಲಿದ್ದವರಿಗೆ ಸುಳ್ಳು ಹೇಳಿದೆ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು… ಅವರು ವಾದ ಮಾಡಲಿಲ್ಲ. "ಪಕ್ಕಕ್ಕಾಕು. ಆಫ್ ಮಾಡಿ ಹತ್ತು ಎಣ್ಸು. ಆಮ್ಯಾಕೆ ಹಾಕು" ಅಂದರು. ಹಾಗೇ ಮಾಡಿದೆ. ಕಾರು ಮತ್ತೆ ಎಳೆಯಿತು. ನಿಟ್ಟೂರಿನ ಹತ್ತಿರ ಮತ್ತೆ ಕುಸಿಯಿತು, ಮತ್ತೆ ಹತ್ತು ಎಣಿಸಿದೆ. ಗುಬ್ಬಿ ದಾಟಿದ ಮೇಲೆ ಮೂರನೇ ಸಲ ನಿಲ್ಲಿಸಿದಾಗ ಎಣಿಕೆ ನಡುವೆಯೇ ತಪ್ಪಿಹೋಯಿತು. ಪಕ್ಕಕ್ಕೆ ನೋಡಿದರೆ ಅವರ ತುಟಿ ಅಲ್ಲಾಡುತ್ತಿತ್ತು. ನನ್ನ ಬದಲು ಅವರೇ ಎಣಿಸುತ್ತಿದ್ದರು.

"ಅವ್ಳಿಗೆ ಹೇಳ್ಬ್ಯಾಡ" ಅಂದರು ಆಗ. "ಆಮ್ಯಾಕೆ ನಿನ್ ಮುಖ ನೋಡಾಕಾಗಲ್ಲ ಅವ್ಳಿಗೆ."

ನನ್ನೊಂದಿಗೆ ಅವರು ಆಡಿದ ಕೊನೆಯ ಮಾತು ಅದು. ಆ ಸಂಜೆಯೇ ಹೋದರು. ತಂದದ್ದು ತಡವಾಯಿತು ಎಂದಷ್ಟೇ ಅಂದರು ತುಮಕೂರಿನ ಡಾಕ್ಟರು. ಎಷ್ಟು ತಡ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ… ಇವತ್ತಿಗೂ ಗೊತ್ತಿಲ್ಲ.

ತಗಡು ತೆಗೆಸಿದೆ, ವಾಲ್ವು ತೊಳೆಸಿದೆ, ಕೊನೆಗೆ ಕಾರನ್ನೇ ಕೊಟ್ಟುಬಿಟ್ಟೆ. ಹೊಸ ಕಾರಿನಲ್ಲೂ ಆ ಏರು ಬಂದಾಗ ಪಕ್ಕದ ಸೀಟಿನ ಕಡೆ ನೋಡಲಾರೆ. ಅಲ್ಲಿ ಯಾರೋ ಕಣ್ಣು ಮುಚ್ಚಿ ಕೇಳುತ್ತಿದ್ದಾರೆ.

ಹೋದ ಭಾನುವಾರ ಒಂದು ನಾಮಕರಣದ ಊಟದಲ್ಲಿ ಅವರ ಹೆಂಡತಿ ಸಿಕ್ಕರು. ಹೋಳಿಗೆ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತರು. ತುಪ್ಪದ ಪಾತ್ರೆ ಹಿಡಿದು ಹಿಂದೆ ಬರುತ್ತಿದ್ದ ತಂಗಿಯ ಮಗಳಿಗೆ, "ಇವ್ರೇ ಕಣೇ, ನಿಮ್ ದೊಡ್ಡಪ್ಪನ್ನ ಅವತ್ತು ತುಮಕೂರುಗಂಟ ಕರ್ಕೊಂಡೋದವ್ರು. ಇವ್ರಿಲ್ದಿದ್ರೆ ದಾರೀಲೇ ಹೋಗ್ಬುಡೋರು" ಅಂದರು. ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದರು. ಹುಡುಗಿ ತುಪ್ಪ ಬಿಟ್ಟಳು.

"ತಿನ್ನಪ್ಪ" ಅಂದರು, ನನ್ನ ಮುಖವನ್ನೇ ನೋಡುತ್ತ.

ತಲೆ ತಗ್ಗಿಸಿ ಪೂರ್ತಿ ತಿಂದೆ.