ಬೊಳ್ಳಿಯ ಬಾಣಂತನ

ವಾಮದಪದವಿನ ಸುತ್ತಮುತ್ತ ಪೂವಮ್ಮನ ಕೈಯ ಎಣ್ಣೆ ನೀರು ಕಾಣದೆ ದೊಡ್ಡವರಾದವರು ಕಡಿಮೆ. ಅಂಥವರ ನಡತೆಯಲ್ಲಿ ಏನಾದರೂ ಐಬು ಕಂಡರೆ ಕಾರಣ ಅದೇ ಎಂದು ಪೂವಮ್ಮನೇ ಹೇಳುತ್ತಾರೆ.

ಮನೆಮನೆಗೆ ಹೋಗಿ ಬಾಣಂತಿಯರನ್ನೂ ಮಕ್ಕಳನ್ನೂ ಮೀಯಿಸುವುದು ಅವರ ಕಸುಬು. ಹೆರಿಗೆ ಆಸ್ಪತ್ರೆಯವರದ್ದು, ಆಮೇಲಿನದ್ದೆಲ್ಲ ತನ್ನದು ಎಂದು ಅವರು ತಾವೇ ಗಡಿ ಹಾಕಿಕೊಂಡಿದ್ದರು. ಹಂಡೆ ತುಂಬ ಸುಡುನೀರು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಊಟಕ್ಕೆ ಮೆಂತೆ ಗಂಜಿ. ಬಾಣಂತಿಗೆ ಗಾಳಿ ಆಗದು, ತಣ್ಣೀರು ಆಗದು, ಮೀನಂತೂ ನಂಜು. ಬಾಯಾರಿಕೆ ಎಂದರೆ ಬಿಸಿನೀರು, ಅದೂ ಪೂವಮ್ಮನ ಕೈಯಿಂದಲೇ, ಬಾಯಿ ಒದ್ದೆಯಾಗುವಷ್ಟು. ಹಿಂದೂಗಳ ಮನೆಯಾಗಲಿ ಬ್ಯಾರಿ ಮುಸ್ಲಿಮರ ಮನೆಯಾಗಲಿ, ಕಾನೂನು ಒಂದೇ. ದುಬೈಯಲ್ಲಿ ನೂರು ಜನರಿಗೆ ಮೇಲಾಳಾಗಿದ್ದವನೂ ಇವರು ಬಚ್ಚಲಿನಲ್ಲಿ ಇರುವಷ್ಟು ಹೊತ್ತು ಕಟ್ಟಿಗೆ ಹೊರಬೇಕು.

ಈಚೆಗೆ ಮಾತ್ರ ಕರೆಯುವವರು ಕಡಿಮೆಯಾಗಿದ್ದರು. ಹುಡುಗಿಯರು ಬಾಣಂತನವನ್ನೂ ಫೋನಿನಲ್ಲೇ ಕಲಿಯತೊಡಗಿದ್ದರು. ಅಡಿಕೆ ವ್ಯಾಪಾರದ ಅಬ್ದುಲ್ ನಾಸಿರ್ ಅವರ ಮಗಳು ಶಬ್ನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಪೂವಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನೆಟ್ಟಗೆ ಅಡಿಗೆಮನೆಗೇ ಹೋಗಿದ್ದರು. ಅಲ್ಲಿ ಸಿಕ್ಕಿದ ಉತ್ತರ ಚೆನ್ನಾಗಿರಲಿಲ್ಲ.

"ಆ ಸುಡುನೀರು, ಆ ಗಂಜಿ ಎಲ್ಲ ನನಗೆ ಬೇಡ ಉಮ್ಮಾ," ಎಂದಿದ್ದಳು ಶಬ್ನಾ.

"ನಿನ್ನನ್ನು ಹುಟ್ಟಿದಾಗ ಮೀಯಿಸಿದ್ದು ಯಾರು?" ಎಂದು ತಾಯಿ ಖದೀಜ ಕೇಳಿದರು.

"ಅದು ಆಗ ನನ್ನತ್ರ ಕೇಳಿ ಮಾಡಿದ್ದಲ್ಲ."

ಖದೀಜ ಪೂವಮ್ಮನ ಕಡೆ ತಿರುಗಿ, "ನೋಡುವ, ಪೂವಕ್ಕ," ಎಂದರು. ಅಂಗಡಿ ಇಟ್ಟವರಿಗೆಲ್ಲ ಗೊತ್ತು, ಆಮೇಲೆ ನೋಡೋಣ ಎಂಬಂತೆ "ನೋಡುವ" ಎಂದು ಮೆಟ್ಟಿಲಿಳಿದ ಗಿರಾಕಿ ಮರಳುವುದಿಲ್ಲ. ಅಂದಿನಿಂದ ಪೂವಮ್ಮನ ಕೈಗೆ ನೆಮ್ಮದಿ ಇಲ್ಲ. ಬೇಡದಿದ್ದರೂ ಬೆಂಕಿಕಡ್ಡಿ, ಬೇಡದಿದ್ದರೂ ಓಮ ಎಂದು ದಿನಕ್ಕೊಂದು ನೆಪ ಹಿಡಿದು ಪೇಟೆಗೆ ಬರುವುದು, ನಾಸಿರ್ ಮನೆಯ ಹಿತ್ತಿಲಿನ ಕಡೆ ಒಮ್ಮೆ ಇಣುಕುವುದು, ಹೋಗುವುದು. ಈ ಮನೆ ಕೈತಪ್ಪಿದರೆ ಊರಿನ ಉಳಿದ ಮನೆಗಳೂ ಅದೇ ದಾರಿ ಹಿಡಿಯುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಬೊಳ್ಳಿ ಮರಿ ಹಾಕಿತು.

ಬೊಳ್ಳಿ ಪೇಟೆಯ ಬಿಳಿ ನಾಯಿ. ಯಾರದ್ದೂ ಅಲ್ಲ, ಆದ್ದರಿಂದ ಎಲ್ಲರದ್ದೂ. ಊಟ ಧರ್ಣಪ್ಪನ ಹೋಟೆಲಿನ ಮೀನೂಟದ ಮುಳ್ಳು ತಲೆ; ನಿದ್ದೆ ನಾಸಿರ್ ಅಂಗಡಿಯ ಜಗಲಿ. ಹೆರಿಗೆಗೆ ಮಾತ್ರ ಅದು ನಾಸಿರ್ ಮನೆಯ ಹಿಂದಿನ ಗೋದಾಮನ್ನು ಆರಿಸಿಕೊಂಡು, ಅಡಿಕೆ ಮೂಟೆಗಳ ಸಂದಿಯಲ್ಲಿ ಆರು ಮರಿ ಇಟ್ಟಿತು. ನಾಸಿರ್ ತಲೆ ಕೆರೆದುಕೊಂಡರು. ನಾಯಿಯ ಜೊಲ್ಲು ತಾಗಿದರೆ ಒಂದು ಸಲ ಮಣ್ಣು ಹಾಕಿ, ಒಟ್ಟು ಏಳು ಸಲ ತೊಳೆಯಬೇಕು ಎಂಬುದು ಅವರ ಕ್ರಮ. ಮೂಟೆಗಳನ್ನು ಎಲ್ಲಿಂದ ತೊಳೆಯಲು ಸುರು ಮಾಡುವುದು?

"ಇದನ್ನು ಆಚೆ ಎಲ್ಲಿಯಾದರೂ ಸಾಗಿಸುವ, ಪೂವಕ್ಕ," ಎಂದರು ಹಿತ್ತಿಲಲ್ಲಿ ಇಣುಕುತ್ತಿದ್ದ ಪೂವಮ್ಮನಿಗೆ.

"ಹೆತ್ತ ಮೈಯನ್ನು ಎಬ್ಬಿಸುದಾ? ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ವಾ ಸಾಹುಕಾರ್ರೇ?" ಎಂದರು ಪೂವಮ್ಮ. ಹಿತ್ತಿಲ ಬಾಗಿಲಲ್ಲಿ ಶಬ್ನಾ ನಿಂತಿದ್ದಳು. ಅವಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು: "ಇದರ ಬಾಣಂತನ ನಾನು ಮಾಡ್ತೇನೆ. ಹೇಗೆ ಅಂತ ನೋಡುವವರು ನೋಡ್ಲಿ."

ಮಾದರಿಯ ಮಾಲನ್ನು ಅಂಗಡಿಯ ಎದುರಿಗೇ ಇಡುವುದು ಯಾವ ವ್ಯಾಪಾರದಲ್ಲೂ ಉಂಟು. ಪೂವಮ್ಮ ಬೇರೇನೂ ಮಾಡಲಿಲ್ಲ.

ಸುಡುನೀರೊಂದನ್ನು ಬೊಳ್ಳಿ ಹಲ್ಲು ತೋರಿಸಿ ತಪ್ಪಿಸಿಕೊಂಡಿತು. ಉಳಿದದ್ದೆಲ್ಲ ನಡೆಯಿತು. ಗಾಳಿ ಬಾರದ ಹಾಗೆ ಕಿಟಕಿಗೆ ಗೋಣಿ ಕಟ್ಟಿದರು. ಹೊತ್ತು ಹೊತ್ತಿಗೆ ಬೆಲ್ಲ ಹಾಕಿದ ಮೆಂತೆ ಗಂಜಿ. ನೀರು ಬೆಚ್ಚಗೆ, ತಟ್ಟೆಯ ತಳ ಮುಚ್ಚುವಷ್ಟು. ಹೊರಗೆ ಬಿಟ್ಟರೆ ಹೋಟೆಲಿಗೆ ಓಡುತ್ತದೆಂದು ಗೋದಾಮಿನ ಬಾಗಿಲಿಗೆ ಚಿಲಕ; ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತಾವೇ ಹಿತ್ತಿಲಿಗೆ ತಿರುಗಿಸುವರು. ಧರ್ಣಪ್ಪ ಎಂದಿನಂತೆ ಬಂಗುಡೆಯ ತಲೆಗಳನ್ನು ತಂದರೆ ಬಾಗಿಲಲ್ಲೇ ತಡೆದರು.

"ನಾಯಿಗೆ ಮೀನು ನಂಜಾ ಪೂವಕ್ಕ?" ಧರ್ಣಪ್ಪ ನಕ್ಕ. "ಹಾಗಾದರೆ ಬೆಕ್ಕಿಗೆ ಹಾಲು ವಿಷವಾ?"

"ಹೆತ್ತ ಹೊಟ್ಟೆ ಹಸಿ ಗಾಯ ಮಾರಾಯ. ನಿನಗೆ ಪರೋಟ ಲಟ್ಟಿಸುದು ಬಿಟ್ಟರೆ ಬೇರೆ ಎಂತ ಗೊತ್ತುಂಟು?"

ಮರಿಗಳು ಕಣ್ಣು ಬಿಟ್ಟವು, ಉಬ್ಬಿದವು, ಚೆಂಡುಗಳ ಹಾಗೆ ಉರುಳಾಡತೊಡಗಿದವು. ಪೂವಮ್ಮ ಒಂದೊಂದನ್ನೇ ಎತ್ತಿ ಹಿತ್ತಿಲ ಬಾಗಿಲಿಗೆ ಹಿಡಿದು, "ನೋಡು ಮಗಾ, ಹಾಲು ಹೇಗೆ ಇಳಿದದ್ದು," ಎನ್ನುವರು. ಶಬ್ನಾ ನೋಡಿದಳು. ಆದರೆ ಅವಳು ನೋಡಿದ್ದು ಮರಿಯನ್ನಲ್ಲ. "ಬೊಳ್ಳಿಯ ಪಕ್ಕೆಲುಬು ಕಾಣ್ತದಲ್ಲ ಪೂವಕ್ಕ," ಎಂದಳು. ಪೂವಮ್ಮನಿಗೆ ಆ ಮಾತು ಅನ್ನದೊಳಗಿನ ಕಲ್ಲಿನ ಹಾಗೆ ಸಿಕ್ಕಿತು. ಉಗುಳಲಿಲ್ಲ, ನುಂಗಲೂ ಇಲ್ಲ.

ಒಂದು ಶನಿವಾರ ಬೊಳ್ಳಿಗೆ ಏನೋ ಆಯಿತು. ಕೂತಲ್ಲಿ ಕೂರುವುದಿಲ್ಲ. ಒಂದು ಮರಿಯನ್ನು ಕಚ್ಚಿಕೊಂಡು ಈ ಮೂಟೆಯ ಹಿಂದಿನಿಂದ ಆ ಮೂಟೆಯ ಹಿಂದಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ. ಉಳಿದವು ಹಾಲಿಗೆ ಬಂದು ನೇತುಬಿದ್ದರೆ ಕೊಡವಿಕೊಂಡು ಎದ್ದು ನಡೆಯುತ್ತಿತ್ತು. ಬಾಯಿ ತೆರೆದು ಏದುಸಿರು. ಅದು ತಿರುಗಿದಂತೆಲ್ಲ ಪೂವಮ್ಮನೂ ತಿರುಗಿದರು. ಮನೆಗೆ ಹೋಗಿ ಅಕ್ಕಿ ತೊಳೆಯಲು ಕೂತವರು ಅರ್ಧಕ್ಕೆ ಬಿಟ್ಟು ಮತ್ತೆ ಬಂದರು. ಬಾಗಿಲಿನಿಂದ ನೋಡಿ ಹೋದರು. ರಸ್ತೆಗೆ ತಲುಪುವ ಮೊದಲೇ ಮರಳಿದರು.

ಮರುದಿನ ಬೆಳಿಗ್ಗೆ ಚಿಲಕ ತೆಗೆದಾಗ ಬೊಳ್ಳಿ ನಡುಗುತ್ತಿತ್ತು. ಕಾಲುಗಳು ಮರದ ತುಂಡಿನ ಹಾಗೆ ಸೆಟೆದು, ಹೆಜ್ಜೆ ಇಟ್ಟರೆ ವಾಲುತ್ತಿತ್ತು. ಬಾಯಿಯಿಂದ ಜೊಲ್ಲು.

ಸುದ್ದಿ ಹೋಟೆಲಿಗೆ ತಲುಪಲು ಒಂದು ಚಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಧರ್ಣಪ್ಪ ದೊಣ್ಣೆ ಹಿಡಿದು ಬಂದ. ಹಿಂದೆ ಚಾ ಲೋಟ ಹಿಡಿದುಕೊಂಡೇ ಬಂದ ಗಿರಾಕಿಗಳು.

"ಹುಚ್ಚು! ಜೊಲ್ಲು ನೋಡಿ ನಾಸಿರಾಕ. ಮನೆಯಲ್ಲಿ ತುಂಬಿದ ಬಸುರಿ ಇದ್ದಾಳೆ ನಿಮಗೆ. ಕಚ್ಚಿದ ಮೇಲೆ ಯೋಚನೆ ಮಾಡುದಾ?"

ನಾಸಿರ್ ಮಗಳ ಕಡೆ ನೋಡಿದರು, ದೊಣ್ಣೆಯ ಕಡೆ ನೋಡಿದರು. ಬೇಡ ಎನ್ನಲಿಲ್ಲ.

ಪೂವಮ್ಮ ಬಾಗಿಲಿಗೆ ಅಡ್ಡ ನಿಂತರು. "ಹುಚ್ಚಲ್ಲ, ಬಾಣಂತಿ ಸನ್ನಿ. ನಾನು ನೋಡದ ಸನ್ನಿಯಾ? ಮೈಗೆ ಶೀತ ಹೊಕ್ಕಿದೆ. ಹೊಡೆಯುದಾದರೆ ಮೊದಲು ನನಗೆ ಹೊಡಿ ಧರ್ಣಪ್ಪ. ಹೊಡಿ ಮಾರಾಯ! ಆಸ್ಪತ್ರೆಗೆ ಮುಟ್ಟುವ ಮೊದಲೇ ಹುಟ್ಟಿ ಉಸಿರು ಕಟ್ಟಿದ ನಿನ್ನನ್ನು ಕಾಲು ಹಿಡಿದು ತಟ್ಟಿದ ಕೈ ಇದು. ಆಗಲೇ ಬಿಡಬೇಕಿತ್ತು."

ಧರ್ಣಪ್ಪನ ದೊಣ್ಣೆ ಇಳಿಯಿತು. ಗಿರಾಕಿಗಳು ನಕ್ಕರು, ಆದರೆ ಯಾರೂ ಕದಲಲಿಲ್ಲ.

ಪೂವಮ್ಮ ಒಳಗಿನಿಂದ ಬಾಗಿಲು ಹಾಕಿಕೊಂಡು ಸನ್ನಿಗೆ ತಾವು ಬಲ್ಲದ್ದನ್ನು ಮಾಡಿದರು. ಬೊಳ್ಳಿಗೆ ಕಂಬಳಿ ಹೊದಿಸಿದರು. ಕೆಂಡ ತರಿಸಿ ಓಮ ಉದುರಿಸಿ ಹೊಗೆ ಹಾಕಿದರು. ಎದೆಗೆ ಮರಿ ಹತ್ತಿದರೆ ತಾಯಿಗೆ ಜೀವ ಬರುತ್ತದೆಂದು ಆರನ್ನೂ ಹಾಲಿಗೆ ಬಿಟ್ಟರು. ನಡುಕ ನಿಲ್ಲಲಿಲ್ಲ, ಹೆಚ್ಚಿತು.

ಹೊರಗಿನಿಂದ ಶಬ್ನಾಳ ದನಿ. "ಪೂವಕ್ಕ, ಮೂಡುಬಿದಿರೆಯ ಪ್ರಾಣಿ ಡಾಕ್ಟ್ರ ನಂಬರ್ ಸಿಕ್ಕಿತು, ಮಾತಾಡಿದೆ. ಬಿಸಿ ಮಾಡಲೇಬಾರದಂತೆ. ಮರಿಗಳನ್ನು ಕೂಡಲೇ ಬಿಡಿಸಬೇಕಂತೆ. ಈಗಲೇ ತನ್ನಿ ಅಂತಾರೆ."

"ತಾಯಿಯಿಂದ ಮರಿ ಬಿಡಿಸುದಾ? ನೀನು ಒಂದು ಹೆತ್ತ ಮೇಲೆ ನನಗೆ ಕಲಿಸು!"

ಹೇಳಿ ಮುಗಿಯುವಷ್ಟರಲ್ಲಿ ಬೊಳ್ಳಿ ಒಂದು ಬದಿಗೆ ಬಿದ್ದು, ನಾಲ್ಕೂ ಕಾಲು ಚಾಚಿ ಸೆಟೆಯಿತು. ಪೂವಮ್ಮ ಬಾಗಿಲು ತೆರೆದರು. ಅವರು ಏನೂ ಹೇಳುವ ಮೊದಲೇ ನಾಸಿರ್ ಪಿಕಪ್ಪಿನ ಕೀಲಿಗೆ ಒಳಗೆ ಓಡಿದ್ದರು. ದೊಣ್ಣೆಗೆ ಬೇಡ ಎನ್ನದ ಮುಜುಗರವೋ ಏನೋ.

ಪಿಕಪ್ಪಿನ ಹಿಂದೆ ಗೋಣಿ ಹಾಸಿ, ಕಂಬಳಿ ಸುತ್ತಿದ ಬೊಳ್ಳಿಯ ತಲೆ ತೊಡೆಯ ಮೇಲಿಟ್ಟು ಪೂವಮ್ಮ ಕೂತರು. ಮರಿಗಳ ಬುಟ್ಟಿ ಪಕ್ಕದಲ್ಲಿ. ಸಿದ್ಧಕಟ್ಟೆ ದಾಟುವವರೆಗೆ ಅವರು ಬಲಗೈಯಿಂದ ಕಂಬಳಿಯನ್ನು ಬಿಗಿಯಾಗಿ ಹಿಡಿದಿದ್ದರು. ಗಾಡಿಯ ಗಾಳಿ ನಾಲ್ಕೂ ಕಡೆಯಿಂದ. ಬಾಣಂತಿಗೆ ಇದಕ್ಕಿಂತ ಕೆಟ್ಟದ್ದುಂಟೇ? ಒಂದು ಹೊಂಡಕ್ಕೆ ಗಾಡಿ ಹಾರಿದಾಗ ಕೈ ಜಾರಿ ಕಂಬಳಿಯ ಒಳಗೆ, ಬೊಳ್ಳಿಯ ಹೊಟ್ಟೆಗೆ ತಾಗಿತು.

ಕಾವಲಿಯ ಹಾಗೆ ಸುಡುತ್ತಿತ್ತು.

ಪೂವಮ್ಮ ಕೈ ತೆಗೆಯಲಿಲ್ಲ. ಎಷ್ಟೋ ಹೆಣ್ಣುಗಳ ಮೈ ಮುಟ್ಟಿದ ಕೈ. ಬಿಸಿ ಯಾವುದು ಶೀತ ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಶೀತ ಹೊಕ್ಕಿದೆ ಎಂದು ಹೇಳಿದ್ದು ಬಾಯಿ. ಕೈಯನ್ನು ಕೇಳಿಯೇ ಇರಲಿಲ್ಲ. ಬೆಳಿಗ್ಗೆಯಿಂದ ಹೊದಿಸುವುದು, ಹೊಗೆ ಹಾಕುವುದು ಇದರಲ್ಲೇ ಇದ್ದರು, ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅವರು ಅತ್ತ ಇತ್ತ ನೋಡಿದರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಕಂಬಳಿಯನ್ನು ಎಳೆದು ತೆಗೆದು ಮೂಲೆಗೆ ಎಸೆದರು. ಹಾಲಿಗೆ ಬರಲು ಬುಟ್ಟಿಯಿಂದ ಏರುತ್ತಿದ್ದ ಮರಿಯೊಂದನ್ನು ಮತ್ತೆ ಒಳಗೆ ತಳ್ಳಿ, ಬುಟ್ಟಿಯ ಬಾಯಿಗೆ ತಮ್ಮ ಮೊಣಕೈ ಅಡ್ಡ ಇಟ್ಟರು. ಬೊಳ್ಳಿಯ ಕಿವಿಗಳು ಗಾಳಿಗೆ ಪಟಪಟ ಹೊಡೆದುಕೊಂಡವು.

"ಬೇಗ ಬಿಡಿ ಸಾಹುಕಾರ್ರೇ!" ಎಂದು ಕ್ಯಾಬಿನ್ನಿಗೆ ಗುದ್ದಿದರು. "ಅಡಿಕೆ ಬೆಲೆ ಏರುವ ದಿನ ಹೀಗಾ ನೀವು ಹೋಗುದು?"

ಡಾಕ್ಟರ್ ವಿಸ್ಮಿತಾ ಪುತ್ತಿಗೆ ಕಡೆಯ ಚಿಕ್ಕ ವಯಸ್ಸಿನ ಹೆಂಗಸು. ಭಾನುವಾರವಾದರೂ ತಮ್ಮ ಕ್ಲಿನಿಕ್ಕಿನ ಬಾಗಿಲು ತೆರೆದು ನಿಂತಿದ್ದರು. ನೋಡಿದ ಕೂಡಲೇ ಮುಂಗಾಲಿನ ರೋಮ ಬೋಳಿಸಿ ಸೂಜಿ ಹಾಕಿದರು. ಬೊಳ್ಳಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟುಕೊಂಡೇ ಔಷಧವನ್ನು ನಿಧಾನಕ್ಕೆ, ತುಂಬ ನಿಧಾನಕ್ಕೆ ಬಿಡತೊಡಗಿದರು. "ಕ್ಯಾಲ್ಸಿಯಂ. ಅವಸರ ಮಾಡಿದರೆ ಹೃದಯ ನಿಲ್ತದೆ," ಎಂದರು. "ಅಮ್ಮಾ, ಆ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಇದರ ಪಾದಕ್ಕೆ, ತೊಡೆ ಸಂದಿಗೆ ಇಡಿ."

"ಬಾಣಂತಿಗೆ ತಣ್ಣೀರಾ?" ಎಂದು ಬಾಯಿ ಅಭ್ಯಾಸಕ್ಕೆ ಕೇಳಿತು. ಕೈ ಆಗಲೇ ಬಟ್ಟೆ ಹಿಂಡುತ್ತಿತ್ತು.

"ಯಾರಿಗೂ ಕಚ್ಚಿಲ್ಲ ಅಲ್ವಾ? ನೀರು ಕುಡಿತಿತ್ತಾ?"

"ನೀರು ನಾವೇ ಕೊಡುದಿಲ್ಲ."

ಡಾಕ್ಟರ್ ತಲೆ ಎತ್ತಿದರು. "ತಿನ್ನಲು?"

ಪೂವಮ್ಮ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದರು. ಆ ಪಟ್ಟಿಯನ್ನು ಅವರು ಊರಿಡೀ ಹೆಮ್ಮೆಯಿಂದ ಹೇಳಿದ್ದರು. ಇಲ್ಲಿ ಅದು ಹೊರಡಲಿಲ್ಲ. "ಗಂಜಿ," ಎಂದರು. ಬಟ್ಟೆ ಹಿಂಡಿ ಬೊಳ್ಳಿಯ ಪಾದಕ್ಕಿಟ್ಟು, "ಮೀನು ನಾನೇ ನಿಲ್ಲಿಸಿದ್ದು."

"ಆರು ಮರಿಗೆ ಹಾಲು ಕೊಡುವ ನಾಯಿ ಇದು, ಅಮ್ಮಾ. ಹಾಲಿಗೆ ಬೇಕಾದ್ದು ಹೊಟ್ಟೆಯಿಂದ ಬಾರದಿದ್ದರೆ ರಕ್ತದಿಂದ ಹೋಗ್ತದೆ. ಅದಕ್ಕೇ ನಡುಕ, ಅದಕ್ಕೇ ಜ್ವರ. ಇನ್ನೂ ಸ್ವಲ್ಪ ಹೊತ್ತು ಹೊದಿಸಿಟ್ಟಿದ್ದರೆ ಇಲ್ಲಿಗೆ ತರುವ ಕೆಲಸ ಇರ್ತಿರಲಿಲ್ಲ."

ಮೇಜಿನ ಆಚೆ ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು ನಿಂತಿದ್ದ ನಾಸಿರ್ ಗೋಡೆಯ ಕ್ಯಾಲೆಂಡರನ್ನು ಓದುವವರ ಹಾಗೆ ಮುಖ ತಿರುಗಿಸಿದರು. ಅಷ್ಟರಲ್ಲಿ ಬೊಳ್ಳಿ ಕತ್ತು ಹೊರಳಿಸಿತು. ಜೊಲ್ಲಿನ ಎಳೆಯೊಂದು ಅವರ ಮುಂಗೈಗೆ ಬಂದು ಅಂಟಿತು.

"ಸಾಹುಕಾರ್ರೇ, ನಿಮ್ಮ ಕೈ..."

"ನೀರುಂಟು, ಮಣ್ಣೂ ಉಂಟು. ಬಾಟಲಿ ಕೆಳಗೆ ಬಿದ್ದರೆ ಬೇರೆ ನಾಯಿ ಇಲ್ಲ," ಎಂದರು ನಾಸಿರ್, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ.

ನಡುಕ ಮೊದಲು ಕಿವಿಗಳಿಂದ ಹೋಯಿತು, ಆಮೇಲೆ ತೊಡೆಗಳಿಂದ. ಕಾಲುಗಳು ಸಡಿಲಾದವು. ಎಷ್ಟೋ ಹೊತ್ತಿನ ಮೇಲೆ ಬೊಳ್ಳಿ ಎದ್ದು ಕೂತು, ಡಾಕ್ಟರ್ ಇಟ್ಟ ಬೋಗುಣಿಗೆ ಮೂತಿ ಹಾಕಿ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿತು. ನಿಲ್ಲಿಸಿ ಉಸಿರು ಬಿಟ್ಟು, ಮತ್ತೆ ಕುಡಿಯಿತು. ಕೋಣೆಯಲ್ಲಿ ಆ ಲಪಲಪ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪೂವಮ್ಮನಿಗೆ ಅದು ಮುಗಿದರೆ ಸಾಕು ಅನ್ನಿಸಿತು. ಮುಗಿಯುವ ಹಾಗೆ ಕಾಣಲಿಲ್ಲ.

ಮರುದಿನದವರೆಗೆ ಮರಿಗಳನ್ನು ತಾಯಿಯ ಹತ್ತಿರ ಬಿಡಬಾರದು, ಬಾಟಲಿಯಲ್ಲಿ ಹಾಲು ಕೊಡಬೇಕು, ಆಮೇಲೂ ಅರೆಹೊಟ್ಟೆಗೆ ಮಾತ್ರ ತಾಯಿಯ ಹಾಲು ಎಂದು ಡಾಕ್ಟರ್ ಹೇಳಿ ಕಳುಹಿಸಿದರು. ಮರಿಗಳು ಪೂವಮ್ಮನ ಮನೆಯಲ್ಲಿ, ಬೊಳ್ಳಿ ಗೋದಾಮಿನಲ್ಲಿ. ಜೀವಮಾನವಿಡೀ ಮಕ್ಕಳನ್ನು ಎದೆಗೆ ಹಿಡಿಸಿದ ಹೆಂಗಸು ಅಂದು ಅಲ್ಲಿ ಅಳುವ ಮರಿಗಳಿಗೂ ಇಲ್ಲಿ ಬಾಗಿಲು ಕೆರೆಯುವ ತಾಯಿಗೂ ನಡುವೆ ರಸ್ತೆ ಸವೆಯುವ ಹಾಗೆ ಓಡಾಡಿದರು. ಸಂಜೆ ಧರ್ಣಪ್ಪ ಹೋಟೆಲಿನಿಂದ ಒಂದು ಪೊಟ್ಟಣ ತಂದ. ಡಾಕ್ಟ್ರು ಹೇಳಿದ ಹಾಗೆ ಮುಳ್ಳು ತೆಗೆದ ಮೀನು. ಬೊಳ್ಳಿ ತಿನ್ನುವಷ್ಟು ಹೊತ್ತು ಪೂವಮ್ಮ ತೆಂಗಿನ ಮರದ ತುದಿ ನೋಡುತ್ತ ನಿಂತರು.

ಶಬ್ನಾ ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದಳು. ಪೂವಮ್ಮ ಅವಳ ಕಣ್ಣು ತಪ್ಪಿಸಿ ಹೊರಟರು. ಈ ಮನೆಯಂತೂ ಹೋಯಿತು.

"ಪೂವಕ್ಕ, ಕಂಬಳಿ ನೀವೇ ತೆಗೆದದ್ದಾ? ಬಾಪ ಗಾಡಿ ಬಿಡುವಾಗ ಕನ್ನಡಿಯಲ್ಲಿ ನೋಡಿದ್ರಂತೆ. ಡಾಕ್ಟ್ರು ಹೇಳುವ ಮೊದಲೇ ಅಂತೆ."

"ನೀನು ಫೋನಿನಲ್ಲಿ ಕೇಳಿ ಹೇಳಿದ್ದೆ ಅಲ್ವಾ, ಬಿಸಿ ಮಾಡಬಾರದು ಅಂತ."

"ನಾನು ಹೇಳಿದ್ದಕ್ಕೆ ತೆಗೆದದ್ದಾ?"

ಪೂವಮ್ಮ ಸೆರಗು ಸರಿ ಮಾಡಿಕೊಂಡರು. "ಅಲ್ಲ. ಮೈ ಸುಡ್ತಿತ್ತು. ಅದಕ್ಕೆ."

ಶಬ್ನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನನ್ನದೂ ಹಾಗೆಯೇ ಮೈ ಮುಟ್ಟಿ ನೋಡಿ ಮಾಡುದಾದರೆ ಬನ್ನಿ," ಎಂದಳು. "ಪಟ್ಟಿಯ ಹಾಗೆ ಮಾಡುದಾದರೆ ಬೇಡ. ಅದು ನನ್ನ ಫೋನಿನಲ್ಲೇ ಉಂಟು."

ಶಬ್ನಾಳಿಗೆ ಗಂಡು ಮಗುವಾಯಿತು. ಪೂವಮ್ಮ ಬಂದರು. ಹಂಡೆಯ ನೀರನ್ನು ಮೊದಲು ತಮ್ಮ ಮೊಣಕೈಗೆ ಹೊಯ್ದುಕೊಂಡು ನೋಡಿ, ಗೊಣಗಿ, ಒಂದು ಕೊಡ ತಣ್ಣೀರು ಬೆರೆಸಿದರು. ಮಂಚದ ಪಕ್ಕ ಒಂದು ಹೂಜಿ ತುಂಬ ನೀರನ್ನು ತಾವೇ ಇಟ್ಟರು. ಶಬ್ನಾ ಲೋಟ ತುಂಬಿಸಿಕೊಂಡು ಗಟಗಟ ಕುಡಿಯುವಾಗ ಬೇರೆ ಕಡೆ ನೋಡಲು ಪ್ರಯತ್ನಪಟ್ಟರು, ಆಗಲಿಲ್ಲ.

"ಸಾಕಾ?"

"ಇನ್ನೊಂದು ಲೋಟ."

"ಕುಡಿ, ಕುಡಿ. ಬಾವಿಯಲ್ಲಿ ಉಂಟು," ಎಂದರು ಪೂವಮ್ಮ. ಅಷ್ಟರಲ್ಲಿ ಅಡಿಗೆಮನೆಯಿಂದ ಬಂಗುಡೆ ಹುರಿಯುವ ವಾಸನೆ ಬಂತು. ಅವರು ಮಗುವನ್ನು ತಾಯಿಯ ಪಕ್ಕಕ್ಕೆ ಮಲಗಿಸಿ ಎದ್ದರು, ಬಾಗಿಲವರೆಗೆ ಹೋದರು, ನಿಂತರು, ಮತ್ತೆ ಬಂದು ಕೂತರು.

"ಮೀನಿನ ವಿಷಯ," ಎಂದರು, "ನೋಡುವ."